ಸಿಗದ ಕಣಗಳನ್ನು ಹುಡುಕುವುದು: ರೋಹಿಣಿ ಗೋಡ್‌ಬೋಲೆ ಮತ್ತು ಸೂಪರ್‌ಸಿಮೆಟ್ರಿ

ಪಿಲಿಕುಳದ ತಾರಾಲಯದಿಂದ ಹೊರಬರುವ ಮಕ್ಕಳಿಗೆ ಡಾರ್ಕ್ ಮ್ಯಾಟರ್ ಎಂದರೆ ಏನು ಎಂದು ತಿಳಿಯಬೇಕು. ಮಂಗಳೂರು, ಉಡುಪಿ ಕಡೆಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವವರ ಪ್ರಶ್ನೆ ಇನ್ನೂ ಸ್ವಲ್ಪ ಮುಂದಿನದು: "ಸೂಪರ್‌ಸಿಮೆಟ್ರಿ ಅಂತ ಇತ್ತಲ್ಲ ಸರ್, ಅದು ಸುಳ್ಳಾಯ್ತಂತೆ, ಹೌದಾ?" ಸೂಪರ್‌ಸಿಮೆಟ್ರಿ ಎಂದರೆ ನಮಗೆ ಗೊತ್ತಿರುವ ಪ್ರತಿ ಕಣಕ್ಕೂ ಇನ್ನೂ ಸಿಗದ ಒಂದು ಜೊತೆಗಾರ ಕಣ ಇದೆ ಎನ್ನುವ ಯೋಚನೆ. ಈ ಎರಡು ಪ್ರಶ್ನೆಗಳಿಗೆ ನಂಟಿದೆ. ಎರಡಕ್ಕೂ ಒಂದೊಂದು ಸಾಲಿನ ಉತ್ತರ ಕೊಟ್ಟು ಕಳಿಸಬಹುದು. ಆದರೆ ಐವತ್ತು ವರ್ಷಗಳಿಂದ ಸಾವಿರಾರು ಭೌತವಿಜ್ಞಾನಿಗಳು ಯಾಕೆ ಇದರ ಹಿಂದೆ ಬಿದ್ದಿದ್ದಾರೆ ಎಂಬುದು ಆಗ ಗೊತ್ತೇ ಆಗುವುದಿಲ್ಲ. ಅವರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಅವರ ಕೆಲಸವನ್ನು ಹಿಡಿದುಕೊಂಡು ಹೋದರೆ ಈ ವಿಷಯ ಸಲೀಸಾಗಿ ಅರ್ಥವಾಗುತ್ತದೆ ಎಂದು ನನಗೆ ಅನಿಸಿದೆ.

ರೋಹಿಣಿ ಗೋಡ್‌ಬೋಲೆ 1952ರಲ್ಲಿ ಪುಣೆಯಲ್ಲಿ ಹುಟ್ಟಿದರು. ಐಐಟಿ ಬಾಂಬೆಯಲ್ಲಿ ಎಂಎಸ್‌ಸಿ ಮಾಡಿ, ಅಮೆರಿಕದ ಸ್ಟೋನಿ ಬ್ರೂಕ್‌ನಲ್ಲಿ 1979ರಲ್ಲಿ ಪಿಎಚ್‌ಡಿ ಮುಗಿಸಿ, ಭಾರತಕ್ಕೆ ವಾಪಸು ಬಂದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲ ಕಾಲ, ಆಮೇಲೆ ಬಾಂಬೆ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ಇದ್ದು, 1995ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 2019ರಲ್ಲಿ ಪದ್ಮಶ್ರೀ ಬಂತು. 2024ರ ಅಕ್ಟೋಬರ್ 25ರಂದು ತೀರಿಕೊಂಡರು. ಅವರು ಯಂತ್ರ ಕಟ್ಟಿದವರಲ್ಲ, ಬರೀ ಸಮೀಕರಣ ಬರೆದು ಕೈತೊಳೆದುಕೊಂಡವರೂ ಅಲ್ಲ. ಸಿದ್ಧಾಂತ ಹೀಗೆ ಹೇಳುತ್ತದೆ ಎಂದಾದರೆ ಪ್ರಯೋಗದಲ್ಲಿ ಏನು ಕಾಣಬೇಕು, ಎಷ್ಟು ಸಲ ಕಾಣಬೇಕು, ಬೇರೆ ಗದ್ದಲದ ನಡುವೆ ಅದನ್ನು ಗುರುತಿಸುವುದು ಹೇಗೆ? ಈ ನಡುವಿನ ಜಾಗವೇ ಅವರ ಕೆಲಸದ ಜಾಗ. ಮ್ಯಾನುಯೆಲ್ ಡ್ರೀಸ್ ಮತ್ತು ಪ್ರೊಬೀರ್ ರಾಯ್ ಅವರೊಂದಿಗೆ 2004ರಲ್ಲಿ ಹೊರತಂದ ದಪ್ಪ ಪಠ್ಯಪುಸ್ತಕ ಇದೇ ದಾರಿಯದು. ಸೂಪರ್‌ಸಿಮೆಟ್ರಿಯ ಕಣಗಳು ಇದ್ದರೆ ಅವು ಹೇಗೆ ನಡೆದುಕೊಳ್ಳುತ್ತವೆ ಎಂದು ಮೊದಲಿನಿಂದ ಹೇಳಿಕೊಡುವ ಪುಸ್ತಕ ಅದು.

ಈಗ ವಿಷಯಕ್ಕೆ ಬರೋಣ. ನಮಗೆ ಗೊತ್ತಿರುವ ಕಣಗಳ ಪಟ್ಟಿಗೆ ಸ್ಟ್ಯಾಂಡರ್ಡ್ ಮಾಡೆಲ್ ಎಂದು ಹೆಸರು. ಆರು ಬಗೆಯ ಕ್ವಾರ್ಕ್‌ಗಳು. ಎಲೆಕ್ಟ್ರಾನ್, ನ್ಯೂಟ್ರಿನೊ ಸೇರಿದಂತೆ ಆರು ಲೆಪ್ಟಾನ್‌ಗಳು. ಇವುಗಳ ನಡುವೆ ಬಲ ಸಾಗಿಸುವ ಫೋಟಾನ್, ಗ್ಲುಆನ್, ಡಬ್ಲ್ಯೂ ಮತ್ತು ಝಡ್ ಕಣಗಳು. ಕೊನೆಗೆ ಹಿಗ್ಸ್, ಉಳಿದ ಮೂಲಕಣಗಳಿಗೆ ದ್ರವ್ಯರಾಶಿ ಬರುವುದರ ಜೊತೆ ನಂಟಿರುವ ಕಣ. ಅದು ಸಿಕ್ಕಿದೆ ಎಂದು ಜಿನೀವಾದ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್ 2012ರ ಜುಲೈ 4ರಂದು ಘೋಷಿಸಿತು.

ಈ ಕಣಗಳಲ್ಲಿ ಎರಡು ಜಾತಿ. ಒಂದಕ್ಕೆ ಎನ್ರಿಕೊ ಫರ್ಮಿ ಹೆಸರು, ಇನ್ನೊಂದಕ್ಕೆ ನಮ್ಮ ಸತ್ಯೇಂದ್ರನಾಥ ಬೋಸ್ ಹೆಸರು. ಫರ್ಮಿಯಾನ್‌ಗಳ ಸ್ಪಿನ್, ಅಂದರೆ ಕಣಕ್ಕೆ ಹುಟ್ಟಿನಿಂದಲೇ ಇರುವ ಒಂದು ಬಗೆಯ ತಿರುಗುವಿಕೆಯ ಅಳತೆ, ಅರ್ಧ. ಒಂದು ಇರುವ ಸ್ಥಿತಿಗೆ ಅದೇ ಬಗೆಯ ಇನ್ನೊಂದನ್ನು ಅವು ಬಿಟ್ಟುಕೊಳ್ಳುವುದಿಲ್ಲ. ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳು ಬೇರೆ ಬೇರೆ ಕಕ್ಷೆಗಳಲ್ಲಿ ಹಂಚಿಕೊಂಡಿರುವುದು ಇದರಿಂದಲೇ. ರಸಾಯನಶಾಸ್ತ್ರ ಇರುವುದೂ, ವಸ್ತುಗಳಿಗೆ ಗಟ್ಟಿತನ ಇರುವುದೂ ಇದರಿಂದಲೇ. ಬೋಸಾನ್‌ಗಳ ಸ್ಪಿನ್ ಸೊನ್ನೆ, ಒಂದು ಹೀಗೆ ಪೂರ್ಣ ಸಂಖ್ಯೆ. ಅವು ಎಷ್ಟು ಬೇಕಾದರೂ ಒಂದೇ ಸ್ಥಿತಿಯಲ್ಲಿ ಒಟ್ಟಿಗೆ ಇರುತ್ತವೆ. ಲೇಸರ್ ಬೆಳಕು ಹಾಗೆ ಒಟ್ಟಾದ ಫೋಟಾನ್‌ಗಳ ಗುಂಪು. ವಸ್ತು ಆಗಿರುವುದು ಫರ್ಮಿಯಾನ್‌ಗಳಿಂದ, ಬಲ ಸಾಗುವುದು ಬೋಸಾನ್‌ಗಳಿಂದ. ಎರಡಕ್ಕೂ ಏನೂ ಸಂಬಂಧ ಇಲ್ಲದ ಹಾಗೆ ಕಾಣುತ್ತದೆ.

ಸಂಬಂಧ ಇದೆ ಎನ್ನುವುದೇ ಸೂಪರ್‌ಸಿಮೆಟ್ರಿ. ಪ್ರತಿ ಫರ್ಮಿಯಾನ್‌ಗೆ ಒಂದು ಬೋಸಾನ್ ಜೊತೆಗಾರ, ಪ್ರತಿ ಬೋಸಾನ್‌ಗೆ ಒಂದು ಫರ್ಮಿಯಾನ್ ಜೊತೆಗಾರ. ಚಾರ್ಜು ಅದೇ, ಬಲಗಳ ಜೊತೆಗಿನ ವ್ಯವಹಾರವೂ ಅದೇ, ಸ್ಪಿನ್ ಮಾತ್ರ ಅರ್ಧ ವ್ಯತ್ಯಾಸ. ಎಲೆಕ್ಟ್ರಾನಿಗೆ ಸೆಲೆಕ್ಟ್ರಾನ್, ಕ್ವಾರ್ಕಿಗೆ ಸ್ಕ್ವಾರ್ಕ್, ಗ್ಲುಆನಿಗೆ ಗ್ಲುಯಿನೊ. ಸೋವಿಯತ್ ಒಕ್ಕೂಟದಲ್ಲಿ ಗೋಲ್ಫಾಂಡ್ ಮತ್ತು ಲಿಖ್ಟ್‌ಮನ್ 1971ರಲ್ಲಿ ಇಂತಹ ಗಣಿತವನ್ನು ಬರೆದರು. 1974ರಲ್ಲಿ ಜೂಲಿಯಸ್ ವೆಸ್ ಮತ್ತು ಬ್ರೂನೊ ಜುಮಿನೊ ಅವರ ಪ್ರಬಂಧ ಬಂದ ಮೇಲೆ ಜಗತ್ತಿನ ಗಮನ ಇತ್ತ ತಿರುಗಿತು.

ಇರುವ ಕಣಗಳೇ ಸಾಕಷ್ಟಿವೆ, ಅವನ್ನು ಸುಮ್ನೆ ಎರಡು ಪಟ್ಟು ಮಾಡುವುದು ಯಾಕೆ? ತರಗತಿಯಲ್ಲಿ ಈ ಪ್ರಶ್ನೆ ಬಂದರೆ ನನಗೆ ಖುಷಿ. ಕೇಳಬೇಕಾದ ಪ್ರಶ್ನೆಯೇ ಇದು.

ಉತ್ತರ ಹಿಗ್ಸ್ ಕಣದ ದ್ರವ್ಯರಾಶಿಯಲ್ಲಿದೆ. ಅದು ಸುಮಾರು 125 ಜಿಇವಿ (ಕಣಗಳ ದ್ರವ್ಯರಾಶಿಯನ್ನೂ ಶಕ್ತಿಯನ್ನೂ ಅಳೆಯುವ ಏಕಮಾನ), ಅಂದರೆ ಒಂದು ಪ್ರೋಟಾನಿನ 133 ಪಟ್ಟು. ಕ್ವಾಂಟಂ ಲೋಕದಲ್ಲಿ ಯಾವ ಕಣವೂ ಒಂಟಿಯಾಗಿ ಇರುವುದಿಲ್ಲ. ಅದರ ಸುತ್ತ ಬೇರೆ ಕಣಗಳು ಕ್ಷಣಮಾತ್ರ ಹುಟ್ಟಿ ಮಾಯವಾಗುತ್ತಿರುತ್ತವೆ. ಅಳೆದಾಗ ನಮಗೆ ಸಿಗುವ ದ್ರವ್ಯರಾಶಿಯಲ್ಲಿ ಇವುಗಳ ಪಾಲೂ ಸೇರಿರುತ್ತದೆ. ಎಲೆಕ್ಟ್ರಾನ್, ಫೋಟಾನ್‌ಗಳಲ್ಲಿ ಈ ಪಾಲು ಬೆಳೆಯದಂತೆ ತಡೆಯುವ ನಿಯಮಗಳಿವೆ. ಹಿಗ್ಸ್‌ಗೆ ಸ್ಪಿನ್ ಸೊನ್ನೆ. ಅದಕ್ಕೆ ಅಂತಹ ಕಾವಲು ಇಲ್ಲ. ಎಷ್ಟು ಹೆಚ್ಚಿನ ಶಕ್ತಿಯವರೆಗೆ ನಮ್ಮ ನಿಯಮಗಳು ಸರಿ ಎಂದು ಒಪ್ಪುತ್ತೇವೋ ಅಷ್ಟಕ್ಕೆ ತಕ್ಕ ಹಾಗೆ ಈ ಪಾಲು ಏರುತ್ತಾ ಹೋಗುತ್ತದೆ. ಗುರುತ್ವ ಬಲವೂ ಕ್ವಾಂಟಂ ನಿಯಮಕ್ಕೆ ಒಳಪಡಲೇಬೇಕಾದ ಹಂತ ಬರುವುದು 1ರ ಮುಂದೆ 19 ಸೊನ್ನೆ ಹಾಕಿದಷ್ಟು ಜಿಇವಿಯಲ್ಲಿ. ಅಲ್ಲಿಯವರೆಗೆ ಹೋದರೆ ಹಿಗ್ಸ್ ಕೂಡ ಅಷ್ಟೇ ಭಾರ ಆಗಬೇಕಿತ್ತು. ಇರುವುದು ಬರೀ 125.

ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. 1906ರ ಒಂದೇ ವರ್ಷದಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಶುರುವಾದವು. ಹಾಗಾಗಿ ಲೆಕ್ಕದ ಪುಸ್ತಕವನ್ನೇ ತೆಗೆದುಕೊಳ್ಳುತ್ತೇನೆ. ಒಂದು ಖಾತೆಯ ಜಮಾ 30ಕ್ಕೂ ಹೆಚ್ಚು ಅಂಕೆಗಳ ಒಂದು ಸಂಖ್ಯೆ. ಖರ್ಚೂ ಅಷ್ಟೇ ಅಂಕೆಗಳದು. ಎರಡರಲ್ಲೂ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಎಲ್ಲ ಅಂಕೆಗಳೂ ಒಂದೇ. ಕಳೆದರೆ ಉಳಿಯುವುದು ಒಂದೆರಡು ರೂಪಾಯಿ. ಹಾಗೇ ಆಗಿಹೋಯಿತು ಎಂದರೆ ಆಡಿಟರ್ ಒಪ್ಪುತ್ತಾರಾ? ಜಮಾಕ್ಕೂ ಖರ್ಚಿಗೂ ಒಳಗೊಳಗೇ ಏನೋ ಕಟ್ಟು ಇದೆ, ಒಂದು ಬಂದಾಗಲೆಲ್ಲ ಇನ್ನೊಂದು ಅಷ್ಟೇ ಹೋಗುತ್ತಿದೆ ಎಂದು ಅವರು ಹುಡುಕಲು ಕೂರುತ್ತಾರೆ. ಭೌತವಿಜ್ಞಾನಿಗಳು ಮಾಡಿದ್ದೂ ಅದೇ. ಹಿಗ್ಸ್‌ನ ಲೆಕ್ಕದಲ್ಲಿ ಬೋಸಾನ್‌ಗಳ ಪಾಲು ಕೂಡುತ್ತದೆ, ಫರ್ಮಿಯಾನ್‌ಗಳ ಪಾಲು ಕಳೆಯುತ್ತದೆ. ಇದನ್ನು ಯಾರೂ ಊಹಿಸಿದ್ದಲ್ಲ, ಕ್ವಾಂಟಂ ನಿಯಮದಿಂದಲೇ ಬರುವ ಚಿಹ್ನೆ. ಈಗ ಪ್ರತಿ ಬೋಸಾನಿಗೂ ಒಂದು ಫರ್ಮಿಯಾನ್ ಜೊತೆ ಇದ್ದರೆ? ಪ್ರತಿ ಜಮಾಕ್ಕೂ ಎದುರಿಗೆ ಒಂದು ಖರ್ಚು. ಆ ದೊಡ್ಡ ಮೊತ್ತಗಳು ತಾವಾಗಿಯೇ ವಜಾ ಆಗುತ್ತವೆ. ಹಿಗ್ಸ್ ಹಗುರವಾಗಿಯೇ ಉಳಿಯುತ್ತದೆ.

ಇಂತಹ ಘಟನೆ ಹಿಂದೆ ಒಮ್ಮೆ ನಡೆದಿತ್ತು. ಈ ಭಾಗ ನನಗೆ ತುಂಬ ಇಷ್ಟ. ಎಲೆಕ್ಟ್ರಾನ್ ತನ್ನದೇ ವಿದ್ಯುತ್ ಕ್ಷೇತ್ರದ ಶಕ್ತಿಯನ್ನು ಹೊತ್ತಿರುತ್ತದೆ. ಗಾತ್ರ ಚಿಕ್ಕದಾದಷ್ಟೂ ಆ ಶಕ್ತಿ ಜಾಸ್ತಿ. ಎಲೆಕ್ಟ್ರಾನ್ ಬರೀ ಒಂದು ಬಿಂದುವಾಗಿದ್ದರೆ ಅದಕ್ಕೆ ಮಿತಿಯೇ ಇಲ್ಲ, ದ್ರವ್ಯರಾಶಿ ಹಿಡಿತಕ್ಕೆ ಸಿಗುವುದಿಲ್ಲ. ಹಳೆಯ ಭೌತಶಾಸ್ತ್ರಕ್ಕೆ ಇದು ಬಿಡಿಸಲಾಗದ ಗಂಟಾಗಿತ್ತು. 1928ರಲ್ಲಿ ಪಾಲ್ ಡಿರಾಕ್ ಬರೆದ ಸಮೀಕರಣ ವಿರುದ್ಧ ಚಾರ್ಜಿನ ಜೊತೆಗಾರನೊಂದು ಇರಬೇಕು ಎನ್ನುವತ್ತ ಕರೆದೊಯ್ದಿತು. 1932ರಲ್ಲಿ ಕಾರ್ಲ್ ಆಂಡರ್ಸನ್ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಲ್ಲಿ ಆ ಪಾಸಿಟ್ರಾನನ್ನು ಕಂಡರು. ಪಾಸಿಟ್ರಾನಿನ ಪಾಲನ್ನು ಸೇರಿಸಿ ಲೆಕ್ಕ ಹಾಕಿದಾಗ ಎಲೆಕ್ಟ್ರಾನಿನ ಆ ದೊಡ್ಡ ಹೊರೆ ಬಹುಮಟ್ಟಿಗೆ ವಜಾ ಆಯಿತು. ಕಣಗಳ ಸಂಖ್ಯೆ ಎರಡು ಪಟ್ಟಾಯಿತು, ಗಂಟು ಬಿಡಿಸಿಕೊಂಡಿತು. ಹಾಗಾಗಿ ಹಿಗ್ಸ್‌ನ ಗಂಟಿಗೂ ಇನ್ನೊಮ್ಮೆ ಎರಡು ಪಟ್ಟು ಮಾಡಿ ನೋಡೋಣ ಎನ್ನುವುದು ಹುಚ್ಚು ಯೋಚನೆಯಾಗಿರಲಿಲ್ಲ. ಪಾಸಿಟ್ರಾನ್ ಸಿಕ್ಕ ಅದೇ 1932ರಲ್ಲಿ ಉಡುಪಿ ಹತ್ತಿರದ ಅದಮಾರಿನಲ್ಲಿ ಯು.ಆರ್. ರಾವ್ ಹುಟ್ಟಿದರು. ಉಪಗ್ರಹಗಳ ಕೆಲಸಕ್ಕೆ ಇಳಿಯುವ ಮೊದಲು ಅವರು ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ಅಧ್ಯಯನ ಮಾಡಿದ್ದು ಕಾಸ್ಮಿಕ್ ಕಿರಣಗಳನ್ನೇ. ಕಣ ಭೌತಶಾಸ್ತ್ರ ನಮ್ಮ ಊರಿಗೆ ಅಷ್ಟೊಂದು ದೂರದ್ದಲ್ಲ.

ಆದರೆ ಒಂದು ತೊಡಕಿದೆ. ಎಲೆಕ್ಟ್ರಾನಿನಷ್ಟೇ ಹಗುರವಾದ ಸೆಲೆಕ್ಟ್ರಾನ್ ಇದ್ದಿದ್ದರೆ ಎಂದೋ ಸಿಕ್ಕಿರುತ್ತಿತ್ತು. ಸಿಕ್ಕಿಲ್ಲ. ಹಾಗಾಗಿ ಸೂಪರ್‌ಸಿಮೆಟ್ರಿ ನಿಜವೇ ಆಗಿದ್ದರೂ ಪೂರ್ತಿ ಸರಿಸಮ ಅಲ್ಲ, ಜೊತೆಗಾರ ಕಣಗಳು ಹೆಚ್ಚು ಭಾರ ಇರಬೇಕು. ಎಷ್ಟು ಭಾರ? ಇಲ್ಲಿದೆ ಗುಟ್ಟು. ಜೊತೆಗಾರರ ನಡುವಿನ ದ್ರವ್ಯರಾಶಿಯ ಅಂತರ ಹೆಚ್ಚಾದಷ್ಟೂ ವಜಾ ಆಗದೆ ಉಳಿಯುವ ಮೊತ್ತ ಹೆಚ್ಚುತ್ತದೆ. ಅಂತರ ತುಂಬ ದೊಡ್ಡದಾದರೆ ಸೂಪರ್‌ಸಿಮೆಟ್ರಿಯನ್ನು ತಂದ ಉದ್ದೇಶವೇ ಹೋಗುತ್ತದೆ. ಆದ್ದರಿಂದಲೇ ಹೊಸ ಕಣಗಳು ಕೆಲವು ನೂರರಿಂದ ಒಂದೆರಡು ಸಾವಿರ ಜಿಇವಿ ಒಳಗೆ ಸಿಗಬೇಕು ಎಂದು ತುಂಬ ಜನ ನಿರೀಕ್ಷಿಸಿದರು. ಅದು ಬರೀ ಆಸೆಯಲ್ಲ, ಲೆಕ್ಕದಿಂದ ಬಂದ ನಿರೀಕ್ಷೆ. ಆದರೂ ಅದರಲ್ಲಿ ಒಂದು ಸಡಿಲು ಇದೆ: "ತುಂಬ ದೊಡ್ಡ ಅಂತರ" ಎಂದರೆ ಎಷ್ಟು ಎಂಬುದಕ್ಕೆ ಗಣಿತದಲ್ಲಿ ಗೆರೆ ಇಲ್ಲ. ಅದು ವಿಜ್ಞಾನಿಗಳ ತೀರ್ಮಾನ. ಈ ಸಡಿಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಾರಾಲಯದ ಮಕ್ಕಳ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ. ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರ ದಶಕದಲ್ಲಿ ಗ್ಯಾಲಕ್ಸಿಗಳ ಹೊರಅಂಚಿನ ನಕ್ಷತ್ರಗಳೂ ನಿರೀಕ್ಷೆಗಿಂತ ಜೋರಾಗಿ ಸುತ್ತುತ್ತಿವೆ ಎಂದು ತೋರಿಸಿದರು. ಕಾಣುವ ವಸ್ತುವಿನ ಗುರುತ್ವ ಅಷ್ಟಕ್ಕೆ ಸಾಲುವುದಿಲ್ಲ. ಹಾಗಾಗಿ ಕಾಣದ ಏನೋ ಇರಬೇಕು, ಅದಕ್ಕೇ ಡಾರ್ಕ್ ಮ್ಯಾಟರ್ ಎಂದು ಹೆಸರು. ಇಂದಿನ ಅಳತೆಯ ಪ್ರಕಾರ ಬ್ರಹ್ಮಾಂಡದಲ್ಲಿ ಸಾಮಾನ್ಯ ವಸ್ತು ಸುಮಾರು 5 ಶೇಕಡಾ, ಡಾರ್ಕ್ ಮ್ಯಾಟರ್ ಸುಮಾರು 27 ಶೇಕಡಾ. ಸೂಪರ್‌ಸಿಮೆಟ್ರಿಯ ಹೆಚ್ಚಿನ ಮಾದರಿಗಳಲ್ಲಿ ಒಂದು ನಿಯಮವಿದೆ: ಜೊತೆಗಾರ ಕಣಗಳು ಒಡೆದಾಗ ಇನ್ನೊಂದು ಜೊತೆಗಾರ ಕಣ ಉಳಿಯಲೇಬೇಕು. ಹಾಗಾದರೆ ಎಲ್ಲಕ್ಕಿಂತ ಹಗುರವಾದದ್ದಕ್ಕೆ ಒಡೆಯಲು ದಾರಿಯೇ ಇಲ್ಲ. ಅದಕ್ಕೆ ಚಾರ್ಜೂ ಇಲ್ಲದಿದ್ದರೆ ಬೆಳಕಿನೊಂದಿಗೂ ವ್ಯವಹಾರ ಇಲ್ಲ. ನ್ಯೂಟ್ರಲಿನೊ ಎಂಬ ಈ ಕಣ ಡಾರ್ಕ್ ಮ್ಯಾಟರ್‌ಗೆ ಹೇಳಿ ಮಾಡಿಸಿದಂತಿದೆ. ಹಿಗ್ಸ್‌ಗಾಗಿ ತಂದ ಯೋಚನೆ, ಕೇಳದೆಯೇ ಗ್ಯಾಲಕ್ಸಿಗಳ ಪ್ರಶ್ನೆಗೂ ಉತ್ತರ ಕೊಡಲು ಹೊರಟಿತು. ಭೌತವಿಜ್ಞಾನಿಗಳು ಇದಕ್ಕೆ ಮನಸೋತದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಇನ್ನೊಂದು ಆಕರ್ಷಣೆಯೂ ಇತ್ತು. ಗುರುತ್ವ ಬಿಟ್ಟು ಉಳಿದ ಮೂರು ಬಲಗಳ (ವಿದ್ಯುತ್ಕಾಂತೀಯ ಬಲ, ಪರಮಾಣು ಬೀಜದೊಳಗಿನ ಪ್ರಬಲ ಮತ್ತು ದುರ್ಬಲ ಬಲ) ತೀವ್ರತೆ ಶಕ್ತಿಯ ಜೊತೆ ಬದಲಾಗುತ್ತದೆ. 1989ರಿಂದ 2000ದವರೆಗೆ ಸರ್ನ್‌ನಲ್ಲಿ ನಡೆದ, ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಢಿಕ್ಕಿ ಹೊಡೆಸುವ ಎಲ್‌ಇಪಿ ಯಂತ್ರ ಈ ತೀವ್ರತೆಗಳನ್ನು ನಿಖರವಾಗಿ ಅಳೆಯಿತು. ಆ ಮೂರು ಗೆರೆಗಳನ್ನು ಮೇಲಕ್ಕೆ ಎಳೆದರೆ ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ಒಂದೇ ಬಿಂದುವಿಗೆ ಬರುವುದಿಲ್ಲ. ಸೂಪರ್‌ಸಿಮೆಟ್ರಿ ಸೇರಿಸಿದರೆ ಬರುತ್ತವೆ. ಬಲಗಳು ಮೂಲದಲ್ಲಿ ಒಂದೇ ಆಗಿದ್ದರೆ ಪ್ರೋಟಾನ್ ಕೂಡ ಎಂದಾದರೂ ಒಡೆಯಬೇಕು. ಅದನ್ನು ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1980ರ ದಶಕದಲ್ಲಿ ಹುಡುಕಿದ್ದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಮೊದಲು ಸಿಕ್ಕ ಜಾಗಗಳಲ್ಲಿ ಅದೇ ಗಣಿಯೂ ಒಂದು. ಪ್ರೋಟಾನ್ ಒಡೆಯುವುದನ್ನು ಮಾತ್ರ ಇಂದಿಗೂ ಎಲ್ಲೂ ಯಾರೂ ಖಚಿತವಾಗಿ ಕಂಡಿಲ್ಲ.

ಇಷ್ಟೆಲ್ಲ ಕಾರಣ ಇದ್ದ ಮೇಲೆ ಹುಡುಕಬೇಕು. ಹುಡುಕುವುದು ಹೇಗೆ? ಜಿನೀವಾ ಬಳಿ, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಕೆಳಗೆ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಸರ್ನ್‌ನ ಎಲ್‌ಎಚ್‌ಸಿ (ಲಾರ್ಜ್ ಹ್ಯಾಡ್ರಾನ್ ಕೊಲೈಡರ್) ಯಂತ್ರ ಇದೆ. ಎರಡು ಪ್ರೋಟಾನ್ ಕಿರಣಗಳು ಎದುರುಬದುರಾಗಿ ಓಡಿ ಢಿಕ್ಕಿ ಹೊಡೆಯುತ್ತವೆ. ನ್ಯೂಟ್ರಲಿನೊ ಹುಟ್ಟಿದರೂ ಪತ್ತೆಯಂತ್ರದಲ್ಲಿ ಗುರುತು ಬಿಡದೆ ಹೊರಟುಹೋಗುತ್ತದೆ. ಆದರೆ ಢಿಕ್ಕಿಗೆ ಮೊದಲು ಪ್ರೋಟಾನ್‌ಗಳು ಕಿರಣದ ದಿಕ್ಕಿನಲ್ಲಿ ಮಾತ್ರ ಓಡುತ್ತಿದ್ದವು. ಅಡ್ಡ ದಿಕ್ಕಿನಲ್ಲಿ ಒಟ್ಟು ಸಂವೇಗ ಸೊನ್ನೆ. ಢಿಕ್ಕಿಯ ನಂತರವೂ ಸೊನ್ನೆಯೇ ಇರಬೇಕು, ಅದು ಬದಲಾಗದ ನಿಯಮ. ಒಂದು ಪಕ್ಕಕ್ಕೆ ಕಣಗಳ ದೊಡ್ಡ ಚಿಮ್ಮು ಹೋಗಿ ಎದುರು ಪಕ್ಕದಲ್ಲಿ ಏನೂ ಕಾಣದಿದ್ದರೆ, ಕಾಣದ ಏನೋ ಆ ಕಡೆ ಹೋಗಿದೆ ಎಂದರ್ಥ. ಸೂಪರ್‌ಸಿಮೆಟ್ರಿಯ ಹುಡುಕಾಟದ ಬಹುಪಾಲು ಈ ಕೊರತೆಯನ್ನು ಅಳೆಯುವ ಕೆಲಸ.

ಕಷ್ಟ ಏನೆಂದರೆ ಇಂತಹ ಕೊರತೆ ಮಾಮೂಲಿ ಕಾರಣಗಳಿಂದಲೂ ಬರುತ್ತದೆ. ನ್ಯೂಟ್ರಿನೊ ಕೂಡ ಗುರುತು ಬಿಡದೆ ಹೋಗುವ ಕಣವೇ. ಚಿಮ್ಮಿನ ಶಕ್ತಿಯನ್ನು ತಪ್ಪಾಗಿ ಅಳೆದರೂ ಸುಳ್ಳು ಕೊರತೆ ಕಾಣುತ್ತದೆ. ಹೊಸದನ್ನು ಕಂಡೆವು ಎನ್ನುವ ಮೊದಲು ಹಳೆಯದು ಎಷ್ಟು ಬರುತ್ತದೆ ಎಂದು ಪೈಸೆ ಪೈಸೆ ಲೆಕ್ಕ ಬೇಕು. ಗೋಡ್‌ಬೋಲೆ ಅವರ ಹೆಸರಾದ ಕೆಲಸಗಳಲ್ಲಿ ಒಂದು ಇದೇ ಬಗೆಯದು. 1991ರಲ್ಲಿ ಡ್ರೀಸ್ ಜೊತೆ ಅವರು ಮುಂದೆ ಬರಬಹುದಾದ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಯಂತ್ರಗಳನ್ನು ನೋಡಿದರು. ಅವುಗಳ ಕಿರಣಗಳು ಎದುರಾದಾಗ ಫೋಟಾನ್‌ಗಳು ಹೊಮ್ಮುತ್ತವೆ. ಹೆಚ್ಚು ಶಕ್ತಿಯ ಫೋಟಾನ್ ಬರೀ ಬೆಳಕಿನ ತುಣುಕಲ್ಲ, ಕ್ಷಣಮಾತ್ರ ಅದು ಕ್ವಾರ್ಕ್‌ಗಳಾಗಿಯೂ ಇರುತ್ತದೆ. ಅಂತಹ ಎರಡು ಫೋಟಾನ್‌ಗಳು ತಾಗಿದರೆ ಬೇಡದ ಕಣಗಳ ರಾಶಿಯೇ ಹುಟ್ಟುತ್ತದೆ. ಯಂತ್ರದ ವಿನ್ಯಾಸದಲ್ಲೇ ಇದನ್ನು ಗಮನಿಸದಿದ್ದರೆ ಬೇಕಾದ ಸುಳಿವು ಈ ಗದ್ದಲದಲ್ಲಿ ಮುಳುಗಿಹೋಗಬಹುದು ಎಂದು ಅವರು ತೋರಿಸಿದರು. ಈ ಪರಿಣಾಮಕ್ಕೆ ಡ್ರೀಸ್ ಮತ್ತು ಗೋಡ್‌ಬೋಲೆ ಹೆಸರೇ ಉಳಿದಿದೆ. ಹೊಸ ಕಣ ಕಂಡುಹಿಡಿದ ಸುದ್ದಿಯಷ್ಟು ದೊಡ್ಡದಾಗಿ ಇದು ಪತ್ರಿಕೆಯಲ್ಲಿ ಬರುವುದಿಲ್ಲ. ಆದರೆ ಇಂತಹ ಕೆಲಸ ಇಲ್ಲದಿದ್ದರೆ ಆ ಸುದ್ದಿಗಳನ್ನು ನಂಬುವ ಹಾಗೇ ಇರುವುದಿಲ್ಲ.

ಈಗ ಆ ವಿದ್ಯಾರ್ಥಿಯ ಪ್ರಶ್ನೆ. ಎಲ್‌ಎಚ್‌ಸಿ 2010ರಲ್ಲಿ 7 ಸಾವಿರ ಜಿಇವಿ ಢಿಕ್ಕಿಗಳಿಂದ ಶುರುಮಾಡಿ, 2015ರಲ್ಲಿ 13 ಸಾವಿರಕ್ಕೆ, 2022ರಲ್ಲಿ 13,600ಕ್ಕೆ ಏರಿತು. ಮೊದಲ ವರ್ಷಗಳಲ್ಲೇ ಜೊತೆಗಾರ ಕಣಗಳು ಸಿಗುತ್ತವೆ ಎಂದು ನಂಬಿದ್ದವರು ಬಹಳ. ಸಿಗಲಿಲ್ಲ. ಸರಳ ಮಾದರಿಗಳಲ್ಲಿ ಗ್ಲುಯಿನೊ ಇದ್ದರೂ ಸುಮಾರು 2,000 ಜಿಇವಿಗಿಂತ ಭಾರ ಇರಬೇಕು ಎಂಬಲ್ಲಿಗೆ ಅಳತೆ ಬಂದು ನಿಂತಿದೆ. ಅಮೆರಿಕದ ಸೌತ್ ಡಕೋಟಾದಲ್ಲಿ ನೆಲದೊಳಗೆ ಸುಮಾರು 10 ಟನ್ ದ್ರವ ಝೆನಾನ್ ಇಟ್ಟು ಡಾರ್ಕ್ ಮ್ಯಾಟರ್ ಕಣಕ್ಕಾಗಿ ಕಾದಿದ್ದಾರೆ. ಅಲ್ಲಿಯೂ ಸುಳಿವಿಲ್ಲ.

ಹಾಗಾದರೆ ಸುಳ್ಳಾಯ್ತಾ? ನಾನು ಕೊಡುವ ಉತ್ತರ ಇದು. ಹಗುರ ಜೊತೆಗಾರರಿರುವ, ಹಿಗ್ಸ್‌ನ ಲೆಕ್ಕವನ್ನು ಅಚ್ಚುಕಟ್ಟಾಗಿ ಸರಿಪಡಿಸುವ ಸರಳ ಸೂಪರ್‌ಸಿಮೆಟ್ರಿ ಬಹಳ ಮಟ್ಟಿಗೆ ಹೊರಬಿದ್ದಿದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಭಾರವಾದ ಜೊತೆಗಾರರಿರುವ ಸೂಪರ್‌ಸಿಮೆಟ್ರಿಯನ್ನು ಯಾವ ಪ್ರಯೋಗವೂ ತಳ್ಳಿಹಾಕಿಲ್ಲ, ಎಲ್‌ಎಚ್‌ಸಿ ಅದನ್ನು ತಳ್ಳಿಹಾಕಲಾರದು ಕೂಡ. ಆಗಲೇ ಹೇಳಿದ ಸಡಿಲು ಇಲ್ಲಿ ಕೆಲಸ ಮಾಡುತ್ತದೆ. ಗೆರೆಯನ್ನು ಇನ್ನಷ್ಟು ಮೇಲಕ್ಕೆ ಸರಿಸುತ್ತಾ ಹೋಗಬಹುದು. ಆದರೆ ಸರಿಸಿದಷ್ಟೂ ಉಳಿಕೆ ಮೊತ್ತ ಬೆಳೆದು, ಯಾವ ಗಂಟು ಬಿಡಿಸಲು ಹೊರಟಿದ್ದೆವೋ ಅದೇ ಗಂಟು ಸಣ್ಣದಾಗಿ ವಾಪಸು ಬರುತ್ತದೆ. ಒಂದು ಯೋಚನೆ ಸುಂದರವಾಗಿದೆ ಎನ್ನುವುದು ಅದು ನಿಜ ಎನ್ನುವುದಕ್ಕೆ ಸಾಕ್ಷಿಯಲ್ಲ. ಹಾಗೆಯೇ, ಯಂತ್ರ ತಲುಪಿದ ಕಡೆ ಇಲ್ಲ ಎನ್ನುವುದರಿಂದ ಎಲ್ಲೂ ಇಲ್ಲ ಎಂದಾಗುವುದಿಲ್ಲ. ಪಾಠ ಮಾಡುವವರು ಈ ಎರಡನ್ನೂ ಒಟ್ಟಿಗೆ ಹೇಳಬೇಕು. ಗೋಡ್‌ಬೋಲೆ ಅವರ ತಲೆಮಾರಿನ ಕೆಲಸದಲ್ಲಿ ನಾನು ಗೌರವಿಸುವುದು ಇದನ್ನೇ: ಎಲ್ಲಿ ನೋಡಿದರೆ ತಾವು ತಪ್ಪೆಂದು ಗೊತ್ತಾಗುತ್ತದೆ ಎನ್ನುವುದನ್ನೂ ಅವರೇ ಲೆಕ್ಕ ಹಾಕಿ ಪ್ರಯೋಗದವರ ಕೈಗೆ ಕೊಟ್ಟರು.

ಅವರು ಈ ವಿಷಯವನ್ನು ವಿಜ್ಞಾನಿಗಳ ನಡುವೆಯೇ ಇಟ್ಟುಕೊಳ್ಳಲಿಲ್ಲ. ಸಾರ್ವಜನಿಕ ಉಪನ್ಯಾಸ ಕೊಟ್ಟರು, ವಿದ್ಯಾರ್ಥಿಗಳ ಜೊತೆ ಮಾತಾಡಿದರು. ವಿಜ್ಞಾನದಲ್ಲಿ ಹೆಣ್ಣುಮಕ್ಕಳು ಯಾಕೆ ಕಡಿಮೆ ಎಂದು ಗಟ್ಟಿಯಾಗಿ ಕೇಳಿದರು. ಭಾರತದ ಸುಮಾರು ನೂರು ಮಹಿಳಾ ವಿಜ್ಞಾನಿಗಳ ಬದುಕನ್ನು ಹೇಳುವ ಪುಸ್ತಕವೊಂದನ್ನು ರಾಮ್ ರಾಮಸ್ವಾಮಿ ಅವರೊಂದಿಗೆ 2008ರಲ್ಲಿ ಸಂಪಾದಿಸಿದರು. ನಮ್ಮ ಕಡೆಯ ಎಂಎಸ್‌ಸಿ ತರಗತಿಗಳಲ್ಲಿ ಹುಡುಗಿಯರೇ ಜಾಸ್ತಿ. ಅವರಲ್ಲಿ ಸಂಶೋಧನೆಗೆ ಹೋಗುವವರು ಎಷ್ಟು ಕಡಿಮೆ ಎಂದು ನೋಡಿದಾಗ ಆ ಪ್ರಶ್ನೆಯ ತೂಕ ಗೊತ್ತಾಗುತ್ತದೆ.

ಎಲ್‌ಎಚ್‌ಸಿಯ ಢಿಕ್ಕಿಗಳನ್ನು ಬಹುಪಟ್ಟು ಹೆಚ್ಚಿಸುವ ಕೆಲಸ ನಡೆದಿದೆ. 2030ರ ಸುಮಾರಿಗೆ ಆ ಹೊಸ ರೂಪ ಶುರುವಾಗಬೇಕು. ಅಲ್ಲಿಯವರೆಗೆ ಕಾಯಬೇಕಿಲ್ಲ. ಸರ್ನ್ 2014ರಿಂದ ತನ್ನ ಪ್ರಯೋಗಗಳ ಮಾಹಿತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಸುರತ್ಕಲ್‌ನಲ್ಲೋ ಕುಂದಾಪುರದಲ್ಲೋ ಕುಳಿತ ವಿದ್ಯಾರ್ಥಿಯೂ ಅದನ್ನು ತೆರೆಯಬಹುದು. ಶುರುಮಾಡಲು ಒಳ್ಳೆಯ ಲೆಕ್ಕ ಒಂದಿದೆ. ಎರಡು ಮ್ಯೂಆನ್ (ಎಲೆಕ್ಟ್ರಾನಿನಂತಹದೇ, ಆದರೆ ಹೆಚ್ಚು ಭಾರದ ಲೆಪ್ಟಾನ್) ಇರುವ ಢಿಕ್ಕಿಗಳನ್ನು ಆರಿಸಿ, ಆ ಜೋಡಿಯ ಒಟ್ಟು ದ್ರವ್ಯರಾಶಿಯ ನಕ್ಷೆ ಬರೆಯಿರಿ. 91 ಜಿಇವಿ ಹತ್ತಿರ ಒಂದು ಎತ್ತರದ ಶಿಖರ ಏಳುತ್ತದೆ. ಅದು ಝಡ್ ಕಣ, 1983ರಲ್ಲಿ ಸರ್ನ್‌ನಲ್ಲೇ ಸಿಕ್ಕಿದ್ದು. ಇದೇ ಝಡ್, ಮ್ಯೂಆನ್ ಜೋಡಿಯಾಗಿ ಒಡೆಯುವುದರ ಸುಮಾರು ಆರು ಪಟ್ಟು ನ್ಯೂಟ್ರಿನೊ ಜೋಡಿಯಾಗಿ ಒಡೆದು, ಗುರುತು ಬಿಡದೆ ಹೋಗುತ್ತದೆ. ಹಾಗಾಗಿ ಮ್ಯೂಆನ್ ಜೋಡಿಗಳನ್ನು ಎಣಿಸಿದರೆ ಕಾಣದೆ ಹೋದ ಝಡ್‌ಗಳು ಎಷ್ಟು ಎಂದು ಅಂದಾಜು ಮಾಡಬಹುದು. ಸಂವೇಗದ ಕೊರತೆಯಿಂದ ಆ ಪಾಲನ್ನು ಕಳೆಯಬೇಕು. ಕಳೆದ ಮೇಲೂ ಏನಾದರೂ ಉಳಿಯುತ್ತದಾ ಎಂದು ನೋಡುವುದೇ ಸೂಪರ್‌ಸಿಮೆಟ್ರಿಯ ಹುಡುಕಾಟ.